ಬೆರಳಲ್ಲಿ ಒತ್ತುವ ಹಾರ್ಮೋನಿಯಂ ಗಾಳಿವಾದ್ಯ ಹೇಗಾಯಿತು?

ಪ್ರಶ್ನೆ: ನನ್ನ ಮಗಳು ಸಂಗೀತದ ಜೂನಿಯರ್ ಪರೀಕ್ಷೆಗೆ ಓದುತ್ತಿದ್ದಾಳೆ. ವಾದ್ಯಗಳಲ್ಲಿ ತತ, ಸುಷಿರ, ಅವನದ್ಧ, ಘನ ಎಂಬ ನಾಲ್ಕು ಬಗೆಗಳಿವೆ ಎಂದು ಅವಳ ಪುಸ್ತಕದಲ್ಲಿದೆ. ಹಾರ್ಮೋನಿಯಂ ಅನ್ನು ಬೆರಳಿನಿಂದ ಒತ್ತಿ ನುಡಿಸುತ್ತಾರೆ, ಆದರೂ ಅದು ಸುಷಿರವಂತೆ. ಮೋರ್ಸಿಂಗನ್ನು ಬಾಯಿಗಿಟ್ಟು ನುಡಿಸುತ್ತಾರೆ, ಅದು ಘನವಂತೆ. ಪಿಯಾನೊದಲ್ಲಿ ಸುತ್ತಿಗೆ ಹೊಡೆಯುತ್ತದೆ, ಆದರೆ ಅದು ತಂತಿವಾದ್ಯವಂತೆ. ಈ ವಿಂಗಡಣೆಗೆ ಆಧಾರವಾದರೂ ಏನು?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಇದನ್ನು ಕೇಳಿದ್ದು ಸಂತೋಷ. ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿ ಮುಂದಿನ ಪುಟಕ್ಕೆ ಹೋಗುವವರೇ ಹೆಚ್ಚು. ಹಾರ್ಮೋನಿಯಂ ಆ ಗುಂಪಿನಲ್ಲಿ ಯಾಕಿದೆ ಎಂದು ತಡೆದು ನಿಲ್ಲುವವರು ಕಡಿಮೆ. ನಿಮ್ಮ ಸಂದೇಹವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ನುಡಿಸುವವರ ಕೈಯೋ ಬಾಯಿಯೋ ಏನು ಮಾಡುತ್ತಿದೆ ಎಂದು ನೋಡಿ ವಾದ್ಯದ ಬಗೆಯನ್ನು ಊಹಿಸಿದರೆ, ಅದು ಪುಸ್ತಕದ ಉತ್ತರಕ್ಕೆ ತಾಳೆಯಾಗುತ್ತಿಲ್ಲ. ತಾಳೆಯಾಗದಿರುವುದು ಸಹಜ. ಈ ವಿಂಗಡಣೆ ಕೈಯನ್ನು ನೋಡುವುದೇ ಇಲ್ಲ. ವಾದ್ಯದಲ್ಲಿ ಮೊದಲು ಕಂಪಿಸುವುದು ಯಾವುದು ಎಂಬ ಒಂದೇ ಮಾತನ್ನು ಅದು ಕೇಳುತ್ತದೆ.

ನಾದ ಹುಟ್ಟಬೇಕಾದರೆ ಏನಾದರೊಂದು ವೇಗವಾಗಿ ನಡುಗಲೇಬೇಕು. ಬಿಗಿದ ತಂತಿ ನಡುಗಿದರೆ ಅದು ತತ. ವೀಣೆ, ತಂಬೂರಿ, ಪಿಟೀಲು, ಸಿತಾರ್, ಏಕತಾರಿ ಇಲ್ಲಿಗೆ ಸೇರುತ್ತವೆ. ಹಾಸಿ ಬಿಗಿದ ಚರ್ಮ ನಡುಗಿದರೆ ಅವನದ್ಧ. ಮೃದಂಗ, ತಬಲ, ಡೊಳ್ಳು, ತಮಟೆ, ನಗಾರಿ, ಚೆಂಡೆ, ಮದ್ದಳೆ ಎಲ್ಲವೂ ಇದರಲ್ಲಿವೆ. ತಂತಿಯೂ ಇಲ್ಲದೆ, ಚರ್ಮವೂ ಇಲ್ಲದೆ ವಾದ್ಯದ ಗಟ್ಟಿ ಮೈಯೇ ನಡುಗಿದರೆ ಘನ. ತಾಳ, ಜಾಗಟೆ, ಗಂಟೆ, ಗೆಜ್ಜೆ, ಮಾದೇಶ್ವರನ ಗುಡ್ಡರ ಕಂಸಾಳೆ, ಕೋಲಾಟದ ಕೋಲು ಈ ಗುಂಪಿನವು. ಗಾಳಿಯೇ ನಡುಗಿದರೆ ಸುಷಿರ: ಕೊಳಲು, ನಾದಸ್ವರ, ಶಂಖ, ಕೊಂಬು, ಕಹಳೆ, ಪುಂಗಿ.

ಈಗ ನಿಮ್ಮ ಪಿಯಾನೊ. ಮನೆಯನ್ನು ಒತ್ತಿದಾಗ ಒಳಗೆ ಉಣ್ಣೆಯ ಹೊದಿಕೆಯ ಒಂದು ಸುತ್ತಿಗೆ ಮೇಲೆದ್ದು ಉಕ್ಕಿನ ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ. ಸುತ್ತಿಗೆಯ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ನಿಮಗೆ ಕೇಳಿಸುತ್ತಿರುವುದು ತಂತಿಯ ನಡುಕ. ವೀಣೆಯ ತಂತಿಯನ್ನು ಮೀಟುತ್ತೇವೆ, ಪಿಟೀಲಿನ ತಂತಿಯನ್ನು ಕಮಾನಿನಿಂದ ಉಜ್ಜುತ್ತೇವೆ, ಸಂತೂರಿನ ತಂತಿಗೆ ಎರಡು ಹಗುರ ಕಡ್ಡಿಗಳಿಂದ ಹೊಡೆಯುತ್ತೇವೆ. ಕೈಯ ಕೆಲಸ ಮೂರು ಬಗೆ, ನಡುಗುವುದು ಮಾತ್ರ ತಂತಿಯೊಂದೇ. ಹಾಗಾಗಿ ಈ ಮೂರರ ಜೊತೆ ಪಿಯಾನೊ ಕೂಡ ತತವಾದ್ಯ. ಮೀಟುವುದು, ಉಜ್ಜುವುದು, ಹೊಡೆಯುವುದು ಎಂಬ ಭೇದ ಮುಖ್ಯವಲ್ಲವೆಂದಲ್ಲ. ಅದು ಬರುವುದು ಎರಡನೆಯ ಹಂತದಲ್ಲಿ, ಗುಂಪು ಗೊತ್ತಾದ ಮೇಲೆ, ಒಳಗುಂಪು ಮಾಡುವಾಗ.

ಇಲ್ಲಿ ಅನೇಕರಿಗೆ ಇನ್ನೊಂದು ಗೊಂದಲ ಆಗುತ್ತದೆ, ನಿಮಗೂ ಮುಂದೆ ಆಗಬಹುದು. ವೀಣೆಯಲ್ಲಿ ದೊಡ್ಡ ಮರದ ಕೊಡವಿದೆ, ತಂಬೂರಿಯಲ್ಲಿ ಬುರುಡೆಯಿದೆ, ಸರೋದ್ ಮತ್ತು ಸಾರಂಗಿಗಳಲ್ಲಿ ಕುದುರೆಯ ಕೆಳಗೆ ಚರ್ಮವನ್ನೇ ಬಿಗಿದಿದ್ದಾರೆ. ಇವೂ ನಡುಗುತ್ತವೆಯಲ್ಲ? ಖಂಡಿತ ನಡುಗುತ್ತವೆ. ಬರಿಯ ತಂತಿ ತೀರ ತೆಳು, ಅದು ಗಾಳಿಯನ್ನು ಹೆಚ್ಚು ಅಲುಗಿಸಲಾರದು. ತಂತಿಯ ನಡುಕ ಕುದುರೆಯ ಮೂಲಕ ಕೊಡಕ್ಕೋ ಚರ್ಮಕ್ಕೋ ಇಳಿದು, ಆ ಅಗಲವಾದ ಮೈ ಗಾಳಿಯನ್ನು ತಳ್ಳಿದಾಗಲೇ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟುತ್ತದೆ. ಆದರೆ ಸ್ವರ ಯಾವುದೆಂದು ತೀರ್ಮಾನಿಸುವುದು ತಂತಿ, ಅದನ್ನು ದೊಡ್ಡದು ಮಾಡುವುದು ಕೊಡ. ವಿಂಗಡಣೆಗೆ ಲೆಕ್ಕ ಮೊದಲನೆಯದು. ಸರೋದಿನಲ್ಲಿ ಚರ್ಮ ಕಂಡ ಮಾತ್ರಕ್ಕೆ ಅದನ್ನು ಅವನದ್ಧಕ್ಕೆ ಸೇರಿಸುವುದಿಲ್ಲ.

ಇದನ್ನು ಮಗಳ ಜೊತೆ ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಗಾಜಿನ ಒಂದು ಬಾಟಲಿ ತೆಗೆದುಕೊಳ್ಳಿ. ಅರ್ಧ ನೀರು ತುಂಬಿ, ಬಾಯಿಯ ಅಂಚಿಗೆ ಅಡ್ಡಲಾಗಿ ಊದಿ. ಒಂದು ಸ್ವರ ಬರುತ್ತದೆ. ಇನ್ನಷ್ಟು ನೀರು ಸೇರಿಸಿ ಊದಿದರೆ ಸ್ವರ ಮೇಲೇರುತ್ತದೆ. ಈಗ ಅದೇ ಬಾಟಲಿಗೆ ಚಮಚದಿಂದ ಮೆಲ್ಲಗೆ ಹೊಡೆಯಿರಿ. ನೀರು ಸೇರಿಸುತ್ತ ಹೋದಂತೆ ಸ್ವರ ಈ ಸಲ ಕೆಳಗಿಳಿಯುತ್ತದೆ. ಬಾಟಲಿ ಅದೇ, ನೀರು ಅದೇ, ಫಲ ಮಾತ್ರ ತಿರುಗುಮುರುಗು. ಊದಿದಾಗ ನಡುಗುವುದು ನೀರಿನ ಮೇಲಿನ ಗಾಳಿ. ನೀರು ಏರಿದಂತೆ ಗಾಳಿಯ ಜಾಗ ಕಿರಿದಾಗುತ್ತದೆ, ಅದರ ನಡುಕ ಚುರುಕಾಗುತ್ತದೆ. ಹೊಡೆದಾಗ ನಡುಗುವುದು ಗಾಜು. ಅದಕ್ಕೆ ಅಂಟಿಕೊಂಡ ನೀರಿನ ಭಾರ ಹೆಚ್ಚಿದಂತೆ ನಡುಕ ನಿಧಾನವಾಗುತ್ತದೆ. ಅಂದರೆ ಒಂದೇ ಬಾಟಲಿ ಊದಿದಾಗ ಸುಷಿರ, ಹೊಡೆದಾಗ ಘನ. ಜಲತರಂಗವನ್ನು ನೀರಿನ ವಾದ್ಯ ಎಂದುಕೊಂಡವರಿಗೂ ಇದರಲ್ಲೇ ಉತ್ತರವಿದೆ. ಅಲ್ಲಿ ಹಾಡುವುದು ಪಿಂಗಾಣಿಯ ಬಟ್ಟಲುಗಳು, ನೀರು ಬಟ್ಟಲನ್ನು ಶ್ರುತಿ ಮಾಡುವುದಕ್ಕೆ ಮಾತ್ರ. ಆದ್ದರಿಂದ ಜಲತರಂಗ ಘನವಾದ್ಯ.

ಹಾರ್ಮೋನಿಯಂ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೀವು ಬೆರಳನ್ನು ನೋಡಿ ಸಂದೇಹಪಟ್ಟಿರಿ. ಆದರೆ ಇನ್ನೊಂದು ಕೈ ತಿದಿ ಒತ್ತುತ್ತಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ತಿದಿ ನಿಲ್ಲಿಸಿ ಮನೆಗಳನ್ನು ಎಷ್ಟು ಒತ್ತಿದರೂ ಸ್ವರ ಬರುವುದಿಲ್ಲ. ಮನೆ ಒತ್ತುವುದರಿಂದ ಆಗುವುದು ಇಷ್ಟೇ: ಅದರ ಕೆಳಗಿನ ಕಿಂಡಿಯ ಮುಚ್ಚಳ ತೆರೆದುಕೊಂಡು ಗಾಳಿಗೆ ದಾರಿಯಾಗುತ್ತದೆ. ಊದುವ ಕೆಲಸವನ್ನು ಬಾಯಿಯ ಬದಲು ತಿದಿ ಮಾಡುತ್ತದೆ.

ಆದರೂ ಜಾಣ ವಿದ್ಯಾರ್ಥಿ ಇಲ್ಲಿಗೆ ಸುಮ್ಮನಾಗುವುದಿಲ್ಲ. ಹಾರ್ಮೋನಿಯಂ ಬಿಚ್ಚಿದರೆ ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳು ಸಾಲಾಗಿ ಕಾಣುತ್ತವೆ, ಒಂದೊಂದು ಸ್ವರಕ್ಕೆ ಒಂದೊಂದು. ನಡುಗುವುದು ಆ ಲೋಹದ ನಾಲಗೆಯೇ ತಾನೇ? ಹಾಗಿದ್ದರೆ ಹಾರ್ಮೋನಿಯಂ ಘನವಾದ್ಯ ಆಗಬೇಕಲ್ಲವೇ? ಈ ಆಕ್ಷೇಪಕ್ಕೆ ತೂಕವಿದೆ. ಉತ್ತರ ಹೀಗೆ: ಆ ನಾಲಗೆಯನ್ನು ಉಗುರಿನಿಂದ ಮೀಟಿ ನೋಡಿದರೆ ಕ್ಷೀಣವಾದ ಒಂದು ಟಿಣ್ ಮಾತ್ರ ಬರುತ್ತದೆ, ಹಾರ್ಮೋನಿಯಂನ ತುಂಬುದನಿ ಅಲ್ಲ. ಗಾಳಿ ನುಗ್ಗಿದಾಗ ನಾಲಗೆ ತನ್ನ ಕಂಡಿಯೊಳಗೆ ಹೋಗಿ ಬಂದು ಮಾಡುತ್ತ, ಗಾಳಿಯಲ್ಲಿ ಬಡಿದುಕೊಳ್ಳುವ ಬಾಗಿಲಿನ ಹಾಗೆ ದಾರಿಯನ್ನು ಒಂದು ಗಳಿಗೆ ತೆರೆದು ಮರುಗಳಿಗೆ ಮುಚ್ಚುತ್ತದೆ. ನಾಲಗೆ ಸೆಕೆಂಡಿಗೆ 240 ಸಲ ಆಡಿದರೆ ಒಂದೇ ಸಮನೆ ಬರುತ್ತಿದ್ದ ಗಾಳಿ 240 ತುಂಡುಗಳಾಗಿ ಹೊರಬೀಳುತ್ತದೆ. ನಮ್ಮ ಕಿವಿಗೆ ಸ್ವರವಾಗಿ ಮುಟ್ಟುವುದು ಮುಖ್ಯವಾಗಿ ಈ ಗಾಳಿಯ ತುಂಡುಗಳೇ. ನಾಲಗೆ ಗಾಳಿಯನ್ನು ಕತ್ತರಿಸುವ ಸಾಧನ, ಮೂಲ ನಾದ ಗಾಳಿಯದು. ಆದ್ದರಿಂದಲೇ ಹಾರ್ಮೋನಿಯಂ ಮತ್ತು ಅದೇ ತತ್ತ್ವದ ಬಾಯಿವಾದ್ಯ ಮೌತ್ ಆರ್ಗನ್ ಎರಡೂ ಸುಷಿರ. ತಿದಿಯಿರುವ ಹಳೆಯ ಶ್ರುತಿಪೆಟ್ಟಿಗೆಯೂ ಇದೇ ವಂಶದ್ದು.

ಮೋರ್ಸಿಂಗನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಅದರಲ್ಲಿಯೂ ಲೋಹದ ನಾಲಗೆಯಿದೆ. ಆದರೆ ಅದನ್ನು ಆಡಿಸುವುದು ಗಾಳಿಯಲ್ಲ, ಬೆರಳು. ಮೀಟಿದ ನಾಲಗೆ ತಾನಾಗಿ ನಡುಗುತ್ತಿರುತ್ತದೆ, ಬಾಯಿ ಅದಕ್ಕೆ ಕೊಡದ ಕೆಲಸ ಮಾಡುತ್ತದೆ. ಬಾಯೊಳಗಿನ ಜಾಗವನ್ನು ಹಿಗ್ಗಿಸಿ ಕುಗ್ಗಿಸಿ, ನಾಲಗೆಯ ನಡುಕದಲ್ಲೇ ಇರುವ ಬೇರೆ ಬೇರೆ ಮೇಲುಸ್ವರಗಳನ್ನು ವಾದಕರು ಎತ್ತಿ ತೋರಿಸುತ್ತಾರೆ. ಮೃದಂಗದ ಜತಿಗಳು ಮೋರ್ಸಿಂಗಿನಲ್ಲೂ ನುಡಿದಂತೆ ಕೇಳಿಸುವುದು ಈ ಕೌಶಲದಿಂದ. ಆಧಾರಶ್ರುತಿ ಮಾತ್ರ ಬಾಯಿಯ ಹಿಡಿತಕ್ಕೆ ಸಿಗುವುದಿಲ್ಲ. ಶ್ರುತಿ ಇಳಿಸಬೇಕಾದರೆ ನಾಲಗೆಯ ತುದಿಗೆ ಸ್ವಲ್ಪ ಮೇಣ ಅಂಟಿಸಬೇಕು. ಮೇಣದ ಭಾರಕ್ಕೆ ಲೋಹ ನಿಧಾನವಾಗುತ್ತದೆ. ಶ್ರುತಿಯನ್ನು ಇಟ್ಟುಕೊಂಡಿರುವುದು ಲೋಹ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಡ. ಉಸಿರನ್ನು ಸೇರಿಸಿ ನುಡಿಸುವುದೂ ಉಂಟಾದ್ದರಿಂದ ಮೋರ್ಸಿಂಗನ್ನು ಗಾಳಿವಾದ್ಯವೆಂದು ಎಣಿಸಬೇಕೆಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ನನಗೆ ಮೇಣದ ಸಾಕ್ಷ್ಯವೇ ಹೆಚ್ಚು ಒಪ್ಪಿಗೆ.

ಸುಷಿರದೊಳಗೆ ಗಾಳಿಯನ್ನು ನಡುಗಿಸುವ ದಾರಿಗಳು ಇನ್ನೂ ಇವೆ. ಕೊಳಲಿನಲ್ಲಿ ಉಸಿರು ರಂಧ್ರದ ಅಂಚಿಗೆ ತಾಗಿ ಒಳಕ್ಕೂ ಹೊರಕ್ಕೂ ಹೊರಳಾಡುತ್ತದೆ. ನಾದಸ್ವರದಲ್ಲಿ ಜೊಂಡಿನ ಎರಡೆಸಳಿನ ನಾಲಗೆ ತೆರೆದು ಮುಚ್ಚುತ್ತದೆ. ಶಂಖ, ಕೊಂಬು, ಕಹಳೆಗಳಲ್ಲಿ ಯಾವ ನಾಲಗೆಯೂ ಇಲ್ಲ, ಊದುವವರ ತುಟಿಗಳೇ ಆ ಕೆಲಸ ಮಾಡುತ್ತವೆ. ವಾದ್ಯವನ್ನು ಯಾವುದರಿಂದ ಮಾಡಿದ್ದಾರೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಮರದ ಊದುವಾದ್ಯ, ಹಿತ್ತಾಳೆಯ ಊದುವಾದ್ಯ ಎಂಬ ಎರಡು ಪಂಗಡಗಳಿವೆ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೊಫೋನ್ ಅಡಿಯಿಂದ ಮುಡಿಯವರೆಗೆ ಹಿತ್ತಾಳೆಯದಾದರೂ ಅದನ್ನು ಎಣಿಸುವುದು ಮರದ ಪಂಗಡದಲ್ಲಿ. ಕಾರಣ, ಅದರ ಬಾಯಿಗೆ ಕಟ್ಟಿರುವುದು ಜೊಂಡಿನ ನಾಲಗೆ. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಅದಕ್ಕೆ ಪೇಟೆಂಟ್ ಪಡೆದಾಗಲೂ ಅದು ಹಾಗೇ ಇತ್ತು.

ಘಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮುಂದಿನ ಸಂದೇಹ ಅದೇ ಆಗಿರುತ್ತದೆ. ಮೃದಂಗದ ಜೊತೆ ಕುಳಿತು ಬೆರಳುಗಳಿಂದಲೇ ನುಡಿಸುವುದರಿಂದ ಘಟವನ್ನು ಚರ್ಮವಾದ್ಯಗಳ ಸಾಲಿಗೆ ಸೇರಿಸಬೇಕೆನಿಸುತ್ತದೆ. ಆದರೆ ಅಲ್ಲಿ ಚರ್ಮವೇ ಇಲ್ಲ, ನಡುಗುವುದು ಸುಟ್ಟ ಮಣ್ಣಿನ ಮೈ. ಅದು ಘನ. ಬಾಯಿಯನ್ನು ಹೊಟ್ಟೆಗೆ ಒತ್ತಿ ಬಿಡುವಾಗ ಬರುವ ಆಳವಾದ ಗುಮಕು ಒಳಗಿನ ಗಾಳಿಯದು ಎಂಬುದೂ ನಿಜ. ಪ್ರಧಾನವಾದ ನುಡಿ ಮಣ್ಣಿನದಾದ್ದರಿಂದ ಹೆಸರು ಆ ಕಡೆಗೆ ಹೋಗಿದೆ. ಖಂಜಿರದಲ್ಲಿ ಎರಡು ಗುಂಪುಗಳು ಕೂಡಿವೆ. ಮುಖದ ಚರ್ಮ ಅವನದ್ಧ, ಬಳೆಯ ಕಂಡಿಯಲ್ಲಿ ಝಲ್ಲೆನ್ನುವ ಬಿಲ್ಲೆಗಳು ಘನ. ಚರ್ಮವೇ ಮುಖ್ಯವೆಂದು ಅದನ್ನು ಅವನದ್ಧದಲ್ಲಿಡುತ್ತಾರೆ.

ಅವನದ್ಧದ ವಿಷಯ ಬಂದಾಗ ಸರ್ ಸಿ.ವಿ. ರಾಮನ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸಾಧಾರಣ ಡೋಲಿನ ಚರ್ಮ ನಡುಗುವಾಗ ಮೂಲಸ್ವರದ ಜೊತೆ ಹುಟ್ಟುವ ಮೇಲುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ದಪ್ಪದ ಚರ್ಮದಲ್ಲಿ ಮೊದಲ ಮೇಲುಸ್ವರ ಮೂಲದ 1.59 ಪಟ್ಟು ಇರುತ್ತದೆ. ತಂತಿಯಲ್ಲಾದರೆ ಅದು ಸರಿಯಾಗಿ 2 ಪಟ್ಟು, ಮುಂದಿನದು 3 ಪಟ್ಟು. ಹೀಗಾಗಿ ಡೋಲು ಸದ್ದು ಮಾಡುತ್ತದೆಯೇ ಹೊರತು ಇಂಥದೇ ಶ್ರುತಿ ಎಂದು ಗಟ್ಟಿಯಾಗಿ ಹೇಳುವುದಿಲ್ಲ. ಮೃದಂಗ ಮತ್ತು ತಬಲಗಳು ಹಾಗಲ್ಲ, ಗಾಯಕರ ಶ್ರುತಿಗೆ ಕೂಡಿಕೊಳ್ಳುತ್ತವೆ. ಇದರ ಗುಟ್ಟು ಚರ್ಮದ ನಡುವೆ ಪದರ ಪದರವಾಗಿ ಹಚ್ಚಿದ ಕಪ್ಪು ಕರಣೆಯಲ್ಲಿದೆ ಎಂದು ರಾಮನ್ ತೋರಿಸಿದರು. ನಡುವಿನ ಆ ಭಾರ ಚರ್ಮದ ನಡುಕವನ್ನು ತಿದ್ದಿ, ಮೇಲುಸ್ವರಗಳನ್ನು 2, 3, 4, 5 ಪಟ್ಟುಗಳ ಹತ್ತಿರಕ್ಕೆ ತರುತ್ತದೆ. 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ನೇಚರ್ ಪತ್ರಿಕೆಯಲ್ಲಿ ಇದನ್ನು ಚಿಕ್ಕದಾಗಿ ಬರೆದಿದ್ದ ಅವರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿವರವಾದ ಲೇಖನವನ್ನೇ ಪ್ರಕಟಿಸಿದರು. ಚರ್ಮವಾದ್ಯವೊಂದನ್ನು ತಂತಿಯ ಗುಣಕ್ಕೆ ಇಷ್ಟು ಹತ್ತಿರ ತಂದದ್ದು ನಮ್ಮ ಹೆಸರಿಲ್ಲದ ಕುಶಲಕರ್ಮಿಗಳು. ಯಾವ ಸಮೀಕರಣವೂ ಇಲ್ಲದೆ, ಕಿವಿಯೊಂದನ್ನೇ ನಂಬಿ ಅವರು ಇದನ್ನು ಸಾಧಿಸಿದರು ಎಂಬುದನ್ನು ನಿಮ್ಮ ಮಗಳಿಗೆ ತಪ್ಪದೆ ಹೇಳಿ.

ಇನ್ನು ಈ ನಾಲ್ಕು ಗುಂಪುಗಳು ಎಲ್ಲಿಂದ ಬಂದವು ಎಂಬುದು. ಭರತನ ನಾಟ್ಯಶಾಸ್ತ್ರದ 28ನೇ ಅಧ್ಯಾಯದಲ್ಲಿ ಇವು ಸ್ಪಷ್ಟವಾಗಿ ಬರುತ್ತವೆ. 13ನೇ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದ ವಾದ್ಯಾಧ್ಯಾಯವನ್ನು ಇದೇ ನೆಲೆಗಟ್ಟಿನ ಮೇಲೆ ಬರೆದ. ಯುರೋಪಿನಲ್ಲಿ ಬಹುಕಾಲ ಇದ್ದದ್ದು ತಂತಿ, ಊದುವುದು, ಬಡಿಯುವುದು ಎಂಬ ಮೂರೇ ಪಂಗಡ. ಅದರ ದೋಷ ನಿಮಗೆ ಈಗಾಗಲೇ ಹೊಳೆದಿರಬಹುದು. ಮೊದಲ ಪಂಗಡ ನಡುಗುವ ವಸ್ತುವನ್ನು ನೋಡುತ್ತದೆ, ಉಳಿದೆರಡು ಮನುಷ್ಯನ ಕ್ರಿಯೆಯನ್ನು ನೋಡುತ್ತವೆ. ಪಿಯಾನೊ ತಂತಿಯದೂ ಹೌದು, ಬಡಿಯುವುದೂ ಹೌದು. ನಗಾರಿ ಮತ್ತು ಗಂಟೆ ಎರಡಕ್ಕೂ ಒಂದೇ ಮನೆ. ನಮ್ಮ ಶಾಲೆಗಳಲ್ಲೂ ಈ ಮೂರು ಪಂಗಡಗಳ ಮಾತು ಬಳಕೆಯಲ್ಲಿರುವುದರಿಂದ ನಿಮ್ಮಂಥ ಗೊಂದಲಗಳು ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಈ ತೊಡಕು ಬಿಡಿಸಿಕೊಳ್ಳಬೇಕಾದ ಅಗತ್ಯ ಮೊದಲು ಬಿದ್ದದ್ದು ಸಂಗ್ರಹಾಲಯಗಳಿಗೆ. 1876ರಲ್ಲಿ ಬಂಗಾಳದ ರಾಜಾ ಶೌರೀಂದ್ರ ಮೋಹನ ಠಾಕೂರರು ಸುಮಾರು 100 ಭಾರತೀಯ ವಾದ್ಯಗಳನ್ನು ಬೆಲ್ಜಿಯಂನ ದೊರೆ ಎರಡನೇ ಲಿಯೊಪೋಲ್ಡನಿಗೆ ಉಡುಗೊರೆಯಾಗಿ ಕಳಿಸಿದರು. ಅವು ಬ್ರಸೆಲ್ಸ್ ಸಂಗೀತ ವಿದ್ಯಾಲಯದ ಹೊಸ ಸಂಗ್ರಹಾಲಯಕ್ಕೆ ಸೇರಿದವು. ಅಲ್ಲಿನ ಮೇಲ್ವಿಚಾರಕ ವಿಕ್ಟರ್ ಮಾಹಿಯೋನ್ 1880ರಿಂದ ಪ್ರಕಟಿಸತೊಡಗಿದ ಸೂಚಿಯಲ್ಲಿ ಮೂರು ಪಂಗಡಗಳ ಜಾಗಕ್ಕೆ ನಾಲ್ಕು ಬಂದವು. ಬಡಿಯುವ ವಾದ್ಯಗಳನ್ನು ಆತ ಚರ್ಮದವು, ಗಟ್ಟಿ ಮೈಯವು ಎಂದು ಬೇರ್ಪಡಿಸಿದ್ದ. ನಮ್ಮ ಅವನದ್ಧ ಮತ್ತು ಘನ ಇರುವುದು ಹೀಗೆಯೇ. ಠಾಕೂರರ ಬರಹಗಳ ಮೂಲಕ ಭರತನ ಕ್ರಮ ಬ್ರಸೆಲ್ಸಿಗೆ ತಲುಪಿತು ಎಂದು ಸಂಗೀತದ ಇತಿಹಾಸ ಬಲ್ಲ ಹಲವರು ಹೇಳುತ್ತಾರೆ. 1914ರಲ್ಲಿ ಬರ್ಲಿನ್‌ನ ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್ ಮತ್ತು ಕರ್ಟ್ ಸಾಕ್ಸ್ ಈ ನಾಲ್ಕನ್ನೇ ಬುನಾದಿಯಾಗಿಟ್ಟು ಜಗತ್ತಿನ ಎಲ್ಲ ವಾದ್ಯಗಳಿಗೆ ಹೊಂದುವ ಕ್ರಮವೊಂದನ್ನು ರಚಿಸಿದರು. ಗ್ರಂಥಾಲಯದ ಪುಸ್ತಕಗಳಿಗಿರುವಂತೆ ದಶಮಾಂಶದ ಸಂಖ್ಯೆಗಳನ್ನು ಕೊಟ್ಟರು: ಗಟ್ಟಿ ಮೈಯವಕ್ಕೆ 1, ಚರ್ಮಕ್ಕೆ 2, ತಂತಿಗೆ 3, ಗಾಳಿಗೆ 4. ಕೈಯ ಕ್ರಿಯೆ ಬರುವುದು ಅದರ ಮುಂದಿನ ಅಂಕಿಗಳಲ್ಲಿ. ನೇರವಾಗಿ ಹೊಡೆಯುವ ಚರ್ಮವಾದ್ಯಗಳೆಲ್ಲ 211ರಲ್ಲಿ ಬಂದರೆ, ಬುಡುಬುಡಿಕೆಯವರ ಡಮರುವಿನಂತೆ ಅಲ್ಲಾಡಿಸಿದಾಗ ದಾರದ ಗಂಟು ತಾನೇ ಹೋಗಿ ಚರ್ಮಕ್ಕೆ ಬಡಿಯುವಂಥವು 212ಕ್ಕೆ ಸೇರುತ್ತವೆ. ಸಂಗ್ರಹಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಈ ಕ್ರಮವೇ, ಅಲ್ಲಲ್ಲಿ ತಿದ್ದುಪಡಿಯೊಡನೆ.

ವಿದ್ಯುತ್ ವಾದ್ಯಗಳಿಗಾಗಿ ಐದನೆಯ ಗುಂಪೊಂದನ್ನು ಸಾಕ್ಸ್ 1940ರ ತಮ್ಮ ಗ್ರಂಥದಲ್ಲಿ ಸೇರಿಸಿದರು. ಎಲೆಕ್ಟ್ರಾನಿಕ್ ತಂಬೂರಿಯನ್ನೂ ಕೀಬೋರ್ಡನ್ನೂ ಇಲ್ಲಿ ಇಡಬೇಕು. ಅವುಗಳಲ್ಲಿ ಸ್ಪೀಕರನ್ನು ಮುಟ್ಟುವ ತನಕ ನಡುಗುವ ವಸ್ತುವೇ ಇಲ್ಲ, ವಿದ್ಯುತ್ತಿನ ಏರಿಳಿತ ಮಾತ್ರ ಇದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಿಜವಾದ ತಂತಿ ನಡುಗುತ್ತದೆ, ವಿದ್ಯುತ್ತು ಅದನ್ನು ದೊಡ್ಡದು ಮಾಡುತ್ತದೆ ಅಷ್ಟೆ. ಕೊಡದ ಬಗ್ಗೆ ಮೇಲೆ ಹೇಳಿದ್ದನ್ನು ಒಪ್ಪುವುದಾದರೆ ಅದನ್ನು ತಂತಿವಾದ್ಯ ಎನ್ನುವುದೇ ಸರಿ.

ಎಷ್ಟೇ ಚೊಕ್ಕವಾದ ಕ್ರಮವಾದರೂ ಒಂದೆರಡು ವಾದ್ಯಗಳು ಅದರ ಅಂಚಿನಲ್ಲಿ ನಿಲ್ಲುತ್ತವೆ. ಅಂಥದೊಂದು ನಮ್ಮಲ್ಲೇ ಇದೆ. ಸವದತ್ತಿಯ ಎಲ್ಲಮ್ಮನ ಪದ ಹಾಡುವ ಜೋಗತಿಯರ ಕಂಕುಳಲ್ಲಿರುವ ಚೌಡಿಕೆಯನ್ನು ನೀವು ನೋಡಿರಬಹುದು. ಟೊಳ್ಳು ಮರದ ಕೊಳಗದಂಥ ಮೈ, ಅದರ ಒಂದು ಬಾಯಿಗೆ ಚರ್ಮ. ಚರ್ಮದ ನಡುವಿನಿಂದ ಹೊರಟ ಒಂದು ತಂತಿ ಪಕ್ಕದ ಕೋಲಿನ ಬಿರಡೆಗೆ ಸೇರುತ್ತದೆ. ಆ ತಂತಿಯನ್ನು ಮೀಟಿ ನುಡಿಸುತ್ತಾರೆ. 1914ರ ಕ್ರಮದಲ್ಲಿ ಭಾರತದ ಈ ಜಾತಿಯ ವಾದ್ಯಗಳು ಚರ್ಮದ ಗುಂಪಿನಲ್ಲಿದ್ದು, ಮೀಟುವ ಚರ್ಮವಾದ್ಯಗಳೆಂಬ ಪ್ರತ್ಯೇಕ ಸಂಖ್ಯೆ ಪಡೆದಿವೆ. ತಂತಿ ಬರಿಯ ನೆಪ, ಅದು ಎಳೆದಾಡುವುದರಿಂದ ಚರ್ಮವೇ ನುಡಿಯುತ್ತದೆ ಎಂಬುದು ಅವರ ಎಣಿಕೆ. ಮುಂದಿನ ವಿದ್ವಾಂಸರಲ್ಲಿ ಕೆಲವರು ಇದನ್ನು ಒಪ್ಪದೆ, ಇವನ್ನು ತಂತಿಯ ಗುಂಪಿಗೆ ವರ್ಗಾಯಿಸಬೇಕೆಂದರು. ಬಿರಡೆ ತಿರುಗಿಸಿದಾಗ ಶ್ರುತಿ ಏರುವುದನ್ನೂ, ಮೀಟಿದಾಗ ಮೊದಲು ನಡುಗುವುದು ತಂತಿ ಎಂಬುದನ್ನೂ ನೋಡಿದರೆ ಚರ್ಮ ಅಲ್ಲಿ ಸರೋದಿನ ಚರ್ಮದ ಕೆಲಸವನ್ನೇ ಮಾಡುತ್ತಿದೆ. ನಾನಾದರೆ ಚೌಡಿಕೆಯನ್ನು ಏಕತಾರಿಯ ಪಕ್ಕದಲ್ಲಿ, ತತವಾದ್ಯಗಳ ಜೊತೆ ಇಡುತ್ತೇನೆ.